ಬಿಜ್ಜಳನನ್ನು ಕೊಂದವರು ಯಾರು?

ಇಂಗ್ಲಿಷಿನಲ್ಲಿ ‘ಕೋಝಿ ಮಿಸ್ಟರಿ’ ಅನ್ನುವ ಒಂದು ಬಗೆಯ ಪತ್ತೇದಾರಿ ಕಾದಂಬರಿಗಳಿವೆ. ಒಂದು ಸಣ್ಣ ಊರು, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಕೊಲೆಯಾಗುತ್ತದೆ, ಆದರೆ ಲೇಖಕರು ರಕ್ತವನ್ನು ಜಾಸ್ತಿ ತೋರಿಸುವುದಿಲ್ಲ. ಪೊಲೀಸರು ಯಾರೋ ಪಾಪದವನನ್ನು ಹಿಡಿದುಕೊಂಡು ಕೂತಿರುತ್ತಾರೆ. ಅಷ್ಟರಲ್ಲಿ ಊರಿನದೇ ಒಂದು ಜೀವ, ವಯಸ್ಸಾದ ಹೆಂಗಸೋ ಅಂಗಡಿ ಇಟ್ಟುಕೊಂಡ ಹುಡುಗಿಯೋ, ಚಹಾ ಕುಡಿಯುತ್ತ ನೆರೆಹೊರೆಯವರನ್ನು ಮಾತಿಗೆಳೆದು ನಿಜವನ್ನು ಹೊರಗೆ ತರುತ್ತದೆ. 1930ರಲ್ಲಿ ಮೊದಲ ಕಾದಂಬರಿ ಕಂಡ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಈ ವಂಶದ ಅಜ್ಜಿ. ಇದರಲ್ಲೇ ಪುಸ್ತಕದಂಗಡಿಯ ಸುತ್ತ ನಡೆಯುವ ಮಾಲೆಗಳು ಬೇರೆ. ಅಮೆರಿಕದ ಕ್ಯಾರೊಲಿನ್ ಹಾರ್ಟ್ 1987ರಲ್ಲಿ ಶುರುಮಾಡಿದ ‘ಡೆತ್ ಆನ್ ಡಿಮಾಂಡ್’ ಮಾಲೆಯಲ್ಲಿ ಒಂದು ದ್ವೀಪವಿದೆ, ಆ ದ್ವೀಪದಲ್ಲಿ ಪತ್ತೇದಾರಿ ಪುಸ್ತಕಗಳನ್ನೇ ಮಾರುವ ಅಂಗಡಿಯಿದೆ, ಅಂಗಡಿಯ ಒಡತಿಯೇ ಪತ್ತೇದಾರಳು.

ಇಂಥ ಪುಸ್ತಕಗಳನ್ನು ನಾನು ಸಂಕೋಚವಿಲ್ಲದೆ ಓದುತ್ತೇನೆ. ಪಾಠ ಹೇಳುವ ಕೆಲಸದವರು ಇದನ್ನೆಲ್ಲ ಓದಬಾರದು ಅನ್ನುವವರಿದ್ದಾರೆ, ಇರಲಿ. ಓದುವಾಗೆಲ್ಲ ನನ್ನ ತಲೆಯೊಳಗೆ ಬರುವ ಊರು ಮಾತ್ರ ಇಂಗ್ಲೆಂಡಿನದಲ್ಲ, ಹುಮನಾಬಾದಿನದು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿಯಿತ್ತು. ಮುಂದೆ ಪಾಟಿ, ಪೆನ್ಸಿಲು, ಪಂಚಾಂಗ. ಹಿಂದಿನ ಹಲಗೆಯ ಮೇಲೆ ಬಾಡಿಗೆಗೆ ಕೊಡುವ ಪತ್ತೇದಾರಿ ಕಾದಂಬರಿಗಳು. ನೂರಾರು ಕೈ ದಾಟಿ ಬಂದ ಪುಸ್ತಕಗಳಾದ್ದರಿಂದ ಅರ್ಧಕ್ಕರ್ಧದವಕ್ಕೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ. “ಕಾಕಾ, ಕೊನೀ ಹಾಳಿ ಹರದಾವಲ್ರಿ” ಅಂದರೆ, “ಯಾರ್ ಕೊಂದಾರ ನೀನೇ ಹೇಳಪಾ ತಮ್ಮಾ. ಸರಿ ಹೇಳಿದ್ರ ಬಾಡಿಗಿ ಬ್ಯಾಡ” ಅನ್ನುತ್ತಿದ್ದರು. ಸರಿಯೋ ತಪ್ಪೋ ಅವರಿಗಾದರೂ ಹೇಗೆ ಗೊತ್ತಾಗಬೇಕು? ಬಾಡಿಗೆ ಅಂತೂ ಕೊಟ್ಟೇ ಬರುತ್ತಿದ್ದೆ.

ಆ ಹಲಗೆಯ ಮೇಲೆ ಹೆಚ್ಚಿನವು ಎನ್. ನರಸಿಂಹಯ್ಯನವರವು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಈ ಮನುಷ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಹೊರಟು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಕನ್ನಡ ಬಾವುಟವನ್ನು ರೂಪಿಸಿದ ಎಂ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರ ಪಟ್ಟಿಯಲ್ಲಿ ಇವರ ಹೆಸರು ಇನ್ನೂ ಮೇಲಿರಬೇಕಿತ್ತು ಎಂಬುದು ನನ್ನ ಹಳೆಯ ತಕರಾರು. ಆದರೆ ನಾನು ಓದಿದ ಯಾವ ಪುಸ್ತಕದಲ್ಲೂ ಪತ್ತೇದಾರ ನಮ್ಮ ಬೀದರಿನ ಕಡೆ ಬರಲಿಲ್ಲ. ನಮ್ಮಲ್ಲಿ ಅಪರಾಧವೇ ನಡೆಯುವುದಿಲ್ಲವೋ, ನಡೆದರೂ ಪತ್ತೆಹಚ್ಚುವಷ್ಟು ದೊಡ್ಡದಲ್ಲವೋ ಅನ್ನುವ ಹಾಗೆ.

ಹುಮನಾಬಾದಿನಿಂದ ಸೋಲಾಪುರದ ಹೆದ್ದಾರಿ ಹಿಡಿದು ಹೊರಟು, ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಒಳಕ್ಕೆ ತಿರುಗಿದರೆ ಬಸವಕಲ್ಯಾಣ. ಕನ್ನಡದ ಅತಿ ದೊಡ್ಡ, ಇಂದಿಗೂ ಪತ್ತೆಯಾಗದ ಕೊಲೆ ನಡೆದದ್ದು ಈ ಊರಿನ ಸುತ್ತ. ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಆ ಕೊಲೆಗೆ ನಲವತ್ತು ವರ್ಷಕ್ಕೂ ಮೊದಲೇ, ಕೊಲೆಯಾದರೆ ತನಿಖೆ ಹೇಗೆ ಮಾಡಬೇಕೆಂಬ ಪುಸ್ತಕ ಇದೇ ಊರಿನಲ್ಲಿ ತಯಾರಾಗಿತ್ತು.

ಆ ಪುಸ್ತಕ ‘ಮಿತಾಕ್ಷರಾ’. ಆರನೆಯ ವಿಕ್ರಮಾದಿತ್ಯ (1076–1126) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಗ್ರಂಥದ ಕೊನೆಗೆ ಅವನು ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ರಾಜನಿಲ್ಲ ಎಂದು ಹೊಗಳಿ, ಅದೇ ಉಸಿರಿನಲ್ಲಿ ವಿಜ್ಞಾನೇಶ್ವರನಂಥ ಪಂಡಿತನಿಲ್ಲ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ವಕೀಲರಿಗೆ ಈ ಹೆಸರು ಬಾಯಿಪಾಠ. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗವನ್ನು ಇಂಗ್ಲಿಷಿಗೆ ತಂದಮೇಲೆ ಬ್ರಿಟಿಷರ ಕೋರ್ಟುಗಳಲ್ಲಿ ಹಿಂದೂಗಳ ಆಸ್ತಿ ಪಾಲಿನ ವ್ಯಾಜ್ಯ ಬಹುಮಟ್ಟಿಗೆ ಇದರ ಮೇಲೆಯೇ ನಡೆಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿಯೂ ಮಿತಾಕ್ಷರಾ ಪದ್ಧತಿಯ ಅವಿಭಕ್ತ ಕುಟುಂಬವನ್ನು ಕುರಿತದ್ದೇ. ಹೀಗೆ ಆಸ್ತಿಯ ಭಾಗ ಒಂದೇ ಮೆರೆದು, ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯುವ ಭಾಗ ಪಂಡಿತರ ಕಪಾಟಿನಲ್ಲೇ ಉಳಿಯಿತು.

ಆ ಭಾಗದಲ್ಲಿ ಏನಿದೆ? ಮೂಲ ಶ್ಲೋಕಗಳು ಯಾಜ್ಞವಲ್ಕ್ಯನವು, ಬಿಡಿಸಿ ಹೇಳುವವನು ವಿಜ್ಞಾನೇಶ್ವರ. ಕಳ್ಳನನ್ನು ಹಿಡಿಯಬೇಕಾದದ್ದು ಕದ್ದ ಮಾಲಿನಿಂದ, ಹೆಜ್ಜೆಯ ಗುರುತಿನಿಂದ. ಹಿಂದೆ ಇದೇ ಕೆಲಸ ಮಾಡಿ ಸಿಕ್ಕಿಬಿದ್ದವನ ಮೇಲೆ, ನೆಲೆ ಗೊತ್ತಿಲ್ಲದವನ ಮೇಲೆ ಕಣ್ಣಿಡಬೇಕು. ಹೆಸರು, ಜಾತಿ ಮುಚ್ಚಿಡುವವರು; ಕೇಳಿದಾಗ ಬಾಯಿ ಒಣಗಿ ದನಿ ಒಡೆಯುವವರು; ಬೇರೆಯವರ ಮನೆ, ಹಣದ ವಿಚಾರ ಕೆದಕುವವರು; ವೇಷ ಮರೆಸಿ ತಿರುಗುವವರು; ಆದಾಯವಿಲ್ಲದೆ ಖರ್ಚು ಮಾಡುವವರು. ಈ ಕೊನೆಯದನ್ನು ಇವತ್ತಿನ ಲೋಕಾಯುಕ್ತದವರೂ ಒಪ್ಪುತ್ತಾರೆ.

ಕೊಲೆಯ ಮಾತು ಇನ್ನೂ ಚೆನ್ನಾಗಿದೆ. ಕೊಂದವರು ಯಾರೆಂದು ತಿಳಿಯದಿದ್ದಾಗ ತಡಮಾಡದೆ ಸತ್ತವನ ಮಕ್ಕಳನ್ನೂ ನೆಂಟರನ್ನೂ ಕೇಳಬೇಕು: ಇವನಿಗೆ ಯಾರ ಜೊತೆ ಜಗಳವಿತ್ತು? ಮನೆಯ ಹೆಂಗಸರನ್ನು ಬೇರೆಬೇರೆಯಾಗಿ ಕೇಳಬೇಕು. ಇವನಿಗೆ ಹೆಣ್ಣಿನ ಆಸೆಯಿತ್ತೋ, ಹಣದ ಆಸೆಯಿತ್ತೋ, ಜೀವನೋಪಾಯದ ಆಸೆಯಿತ್ತೋ? ಕೊನೆಗೆ ಯಾರ ಜೊತೆ ಹೋದ? ಆಮೇಲೆ, ಸತ್ತ ಜಾಗದ ಹತ್ತಿರ ಇದ್ದ ಜನರನ್ನು ಮೆಲ್ಲಗೆ ಕೇಳಬೇಕು. ಆ ಜನರು ಯಾರು ಎಂದರೆ, ದನ ಕಾಯುವವರು, ಕಾಡಿನಲ್ಲಿ ಓಡಾಡುವವರು ಮುಂತಾದವರು. ಅವರಿಗೆ ವಿಶ್ವಾಸ ಬರುವಂತೆ ಕೇಳಬೇಕು ಎಂದು ವ್ಯಾಖ್ಯಾನ.

ಈ ‘ಮೆಲ್ಲಗೆ’ ಅನ್ನುವ ಮಾತನ್ನು ಓದಿ ನಾನು ಪುಸ್ತಕ ಕೆಳಗಿಟ್ಟೆ. ಮಿಸ್ ಮಾರ್ಪಲ್‌ಳ ವಿದ್ಯೆಯೆಲ್ಲ ಇದೊಂದೇ ಮಾತಿನಲ್ಲಿದೆ. ಬೆದರಿಸಿ ಬಾಯಿಬಿಡಿಸುವವನಿಗೆ ದನಗಾಹಿ ತನಗೆ ಗೊತ್ತಿದ್ದನ್ನು ಹೇಳುವುದಿಲ್ಲ, ಎದುರಿನವನಿಗೆ ಬೇಕಾದ್ದನ್ನು ಹೇಳುತ್ತಾನೆ. ಹಾಗೆಂದು ಈ ಪಟ್ಟಿಯನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಸತ್ತವನ ಹೆಂಗಸರನ್ನು ಕೇಳಬೇಕಾದದ್ದು ಅವರ ನಡತೆಯ ಮೇಲಿನ ಗುಮಾನಿಯಿಂದ. ಜಾತಿ ಹೇಳಲು ಹಿಂಜರಿದವನು ಹಿಂಜರಿದಿದ್ದಕ್ಕೇ ಕಳ್ಳನಾಗುತ್ತಾನೆ. ಜಾತಿ ಹೇಳಿದರೆ ಏಟು ಬೀಳುವ ಊರಿನಲ್ಲಿ ಅವನು ಬೇರೇನು ಮಾಡಬೇಕಿತ್ತು? ಇದನ್ನು ನೆನಪಿಟ್ಟುಕೊಂಡೇ ಪ್ರಶ್ನೆಗಳನ್ನು ಕೈಗೆ ತೆಗೆದುಕೊಳ್ಳೋಣ.

ಸತ್ತವನು ಇಮ್ಮಡಿ ಬಿಜ್ಜಳ. ಮಂಗಳವೇಢೆಯ ಕಳಚುರಿ ಮನೆತನದವನು, ಚಾಲುಕ್ಯರ ಮಾಂಡಲಿಕನಾಗಿದ್ದು ತೈಲಪನ ದುರ್ಬಲ ಕೈಯಿಂದ ಸಿಂಹಾಸನ ಕಿತ್ತುಕೊಂಡವನು. ಬಸವಣ್ಣ ಅವನ ಭಂಡಾರಿ. ಕಾಲ 1167–68. ನಮಗೆ ಸಾಕ್ಷಿ ಹೇಳಲು ಉಳಿದಿರುವುದು ಪುಸ್ತಕಗಳು ಮತ್ತು ಕಲ್ಲುಗಳು ಮಾತ್ರ. ಪುಸ್ತಕದಂಗಡಿಯ ಪತ್ತೇದಾರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗಲಾರದು.

ಮೊದಲ ಸಾಕ್ಷಿ ಹರಿಹರ. ಬಸವಣ್ಣನ ಬದುಕನ್ನು ಕನ್ನಡದಲ್ಲಿ ಮೊದಲು ಬರೆದವನು, ಘಟನೆಗೆ ಎಲ್ಲರಿಗಿಂತ ಹತ್ತಿರದವನು. ಅವನ ‘ಬಸವರಾಜದೇವರ ರಗಳೆ’ ಇಪ್ಪತ್ತೈದು ಸ್ಥಲಗಳದ್ದೆಂದು ಹೇಳುತ್ತಾರೆ, ಸಿಕ್ಕಿರುವುದು ಹದಿಮೂರು. ಕಲ್ಯಾಣದ ಕೊನೆಯ ದಿನಗಳು ಆ ಹದಿಮೂರರಲ್ಲಿ ಇಲ್ಲ. ಹುಮನಾಬಾದಿನ ಕಾಕಾನ ಹಲಗೆಯ ಮೇಲಿನ ಪುಸ್ತಕಗಳ ಹಣೆಬರಹವೇ ಇದಕ್ಕೂ ಆಗಿದೆ.

ಎರಡನೆಯ ಸಾಕ್ಷಿ ಪಾಲ್ಕುರಿಕೆ ಸೋಮನಾಥ. ಅವನ ತೆಲುಗು ‘ಬಸವಪುರಾಣ’ ಹದಿಮೂರನೆಯ ಶತಮಾನದ್ದು. ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಇಲ್ಲಿ ಎಲ್ಲವೂ ಸ್ಪಷ್ಟ. ಬಿಜ್ಜಳ ಇಬ್ಬರು ಶಿವಭಕ್ತರ ಕಣ್ಣು ಕೀಳಿಸುತ್ತಾನೆ. ಬಸವಣ್ಣ ಕಲ್ಯಾಣ ಬಿಟ್ಟು ಸಂಗಮಕ್ಕೆ ಹೋಗುತ್ತಾನೆ. ಜಗದೇವ ಮತ್ತು ಅವನ ಜೊತೆಗಾರರು ಅರಮನೆಗೆ ನುಗ್ಗಿ ಬಿಜ್ಜಳನನ್ನು ಕೊಲ್ಲುತ್ತಾರೆ. ಪುರಾಣಕ್ಕೆ ಈ ಕೊಲೆಯ ಬಗ್ಗೆ ಮುಜುಗರವಿಲ್ಲ. ಅದು ಭಕ್ತರ ಮಾನ ಉಳಿಸಿದ ಕೆಲಸ, ಬಸವಣ್ಣನ ಮಾತಿನಂತೆಯೇ ನಡೆದದ್ದು.

ಮೂರನೆಯ ಸಾಕ್ಷಿ ಜೈನರ ಕಡೆಯವನು, ಧರಣಿಪಂಡಿತ. ‘ಬಿಜ್ಜಳರಾಯ ಚರಿತೆ’ ಬರೆಯುವ ಹೊತ್ತಿಗೆ ಹದಿನೇಳನೆಯ ಶತಮಾನ, ಅಂದರೆ ಘಟನೆ ನಡೆದು ಹತ್ತಿರ ಹತ್ತಿರ ಐನೂರು ವರ್ಷ. ಅವನ ಹೇಳಿಕೆ ಬೇರೆ. ಬಿಜ್ಜಳ ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ಹಿಂದಿರುಗುವಾಗ ಭೀಮಾನದಿಯ ದಂಡೆಯ ಮೇಲೆ ಬೀಡುಬಿಟ್ಟಿದ್ದ. ಜೈನ ಮುನಿಯ ವೇಷ ಹಾಕಿದ ಜಂಗಮನೊಬ್ಬ ಹಣ್ಣು ತಂದುಕೊಟ್ಟ. ರಾಜ ಅದನ್ನು ಮೂಸಿದ, ಬಿದ್ದ. ವಿಷದ ಹಣ್ಣು! ಅಗಾಥಾ ಕ್ರಿಸ್ಟಿ ಓದಿದ್ದರೆ ಕಣ್ಣರಳಿಸುತ್ತಿದ್ದಳು.

ನಾಲ್ಕನೆಯ ಸಾಕ್ಷಿ ಶಾಸನಗಳು. ಇವು ಸಮಕಾಲೀನ, ಹಾಗಾಗಿ ಹೆಚ್ಚು ನಂಬಬೇಕಾದವು. ಆದರೆ ಇಂಥ ನಾಟಕೀಯ ಕೊಲೆಯ ವಿವರ ಬಿಜ್ಜಳನ ಮಕ್ಕಳ ಕಾಲದ ಶಾಸನಗಳು ಕೊಡುವುದಿಲ್ಲ. ಮಗ ಸೋವಿದೇವನ ಆಳ್ವಿಕೆ ಶುರುವಾದದ್ದು ಕಾಣುತ್ತದೆ. ಅದನ್ನು ನೋಡಿ ಕೆಲವು ಇತಿಹಾಸಕಾರರು, ಬಿಜ್ಜಳ ತಾನಾಗಿಯೇ ಮಗನಿಗೆ ಪಟ್ಟ ಬಿಟ್ಟುಕೊಟ್ಟಿದ್ದ ಎಂದರು. ಅದು ಸರಿಯಾದರೆ ಜಗದೇವ ಕೊಂದದ್ದು ಸಿಂಹಾಸನದ ಮೇಲಿಲ್ಲದ ಒಬ್ಬ ಮುದುಕನನ್ನು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ 1200ರ ಸುಮಾರಿನ ಇನ್ನೊಂದು ಶಾಸನವಿದೆ. ಜೈನರೊಂದಿಗಿನ ವಾದದಲ್ಲಿ ಗೆದ್ದ ಶೈವ ಏಕಾಂತದ ರಾಮಯ್ಯನಿಗೆ ಇದೇ ಬಿಜ್ಜಳ ಜಯಪತ್ರ ಕೊಟ್ಟ ಎಂದು ಅದು ಹೇಳುತ್ತದೆ. ಶಿವಭಕ್ತರ ವೈರಿ, ಜೈನ ಪಕ್ಷಪಾತಿ ಎಂದು ಪುರಾಣ ಕಟ್ಟಿದ ಬಿಜ್ಜಳ ಈ ಕಲ್ಲಿನಲ್ಲಿ ಕಾಣುವುದಿಲ್ಲ.

ಕಲ್ಲನ್ನೂ ಹಾಗೇ ನಂಬಬೇಕಾಗಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ಹೋದವರು ಹೊರಗೋಡೆಯ ಮೇಲೆ ಒಬ್ಬ ಹೆಣ್ಣನ್ನು ನೋಡಿರುತ್ತಾರೆ. ಸೊಂಟ ಬಳುಕಿಸಿ ನಿಂತು ಶಾಸನ ಬರೆಯುತ್ತಿರುವವಳು. ನಮ್ಮ ಕಡೆ ಅಕ್ಷರ ಬರೆಯುತ್ತಿರುವ ಹೆಣ್ಣಿನ ಇಷ್ಟು ಹಳೆಯ ಚಿತ್ರ ನನಗೆ ಬೇರೆ ಗೊತ್ತಿಲ್ಲ, ಅವಳನ್ನು ಕಂಡರೆ ಹೆಮ್ಮೆಯಾಗುತ್ತದೆ. ಬರೆಯುತ್ತಿರುವುದೇನೆಂದು ಹತ್ತಿರ ಹೋಗಿ ಓದಿದರೆ, ವಿಕ್ರಮಾದಿತ್ಯನ ಹೊಗಳಿಕೆ. ಕಲ್ಲಿಗೆ ಕೂಲಿ ಕೊಡುವವನು ಯಾರೋ ಕಲ್ಲು ಅವನ ಮಾತನ್ನು ಆಡುತ್ತದೆ. ತಂದೆಯ ಕೊಲೆಯನ್ನು ಕಲ್ಲಿನಲ್ಲಿ ಕೊರೆಸುವ ಉಮೇದು ಕಳಚುರಿ ಮಕ್ಕಳಿಗೆ ಇರಬೇಕಾದ ಕಾರಣವಿಲ್ಲ.

ಈಗ ವಿಜ್ಞಾನೇಶ್ವರನ ಪ್ರಶ್ನೆಗಳನ್ನು ಕೇಳಿ ನೋಡಿ. ಸತ್ತ ಜಾಗ ಎಲ್ಲಿ? ಒಂದು ಪುಸ್ತಕ ಅರಮನೆ ಅನ್ನುತ್ತದೆ, ಇನ್ನೊಂದು ಭೀಮಾತೀರ ಅನ್ನುತ್ತದೆ. ಯಾವ ನೆರೆಹೊರೆಯವರನ್ನು ಕೇಳಬೇಕೆಂಬುದೇ ತೀರ್ಮಾನವಾಗುವುದಿಲ್ಲ. ಕೊನೆಗೆ ಯಾರ ಜೊತೆ ಇದ್ದ? ಒಂದರಲ್ಲಿ ಆಸ್ಥಾನ, ಒಂದರಲ್ಲಿ ದಂಡು. ಆಯುಧ? ಕತ್ತಿ, ಇಲ್ಲವೆ ಹಣ್ಣು. ಕುತೂಹಲವೆಂದರೆ, ಇಷ್ಟು ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದ ಇಬ್ಬರು ಸಾಕ್ಷಿಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಾರೆ. ಇಬ್ಬರಿಗೂ ಕೊಲೆಯ ಹಿಂದೆ ಬಸವಣ್ಣನೇ ಬೇಕು. ಒಬ್ಬನಿಗೆ ಧರ್ಮ ಗೆದ್ದಿತೆನ್ನಲು, ಇನ್ನೊಬ್ಬನಿಗೆ ಮೋಸವಾಯಿತೆನ್ನಲು. ಇದನ್ನು ಎರಡು ಸಾಕ್ಷಿಗಳ ಒಮ್ಮತ ಎಂದು ಹಿಡಿಯುವುದು ನನಗೆ ಕಷ್ಟ.

ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ, ಅದು ಸ್ಮೃತಿಯ ಮೊದಲ ಪ್ರಶ್ನೆ. ಮನೆಯವರ ಜೊತೆ ಜಗಳವಿತ್ತೇ? ಬಿಜ್ಜಳನ ನಂತರ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಎಂಬ ನಾಲ್ಕು ಮಕ್ಕಳು ಹದಿನೈದು ಹದಿನಾರು ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರು ಸಿಂಹಾಸನ ಹತ್ತಿ ಇಳಿದರು. ಹೊರಗೆ ಸಿಂಹಾಸನ ಕಳೆದುಕೊಂಡ ಚಾಲುಕ್ಯರ ಕಡೆಯವರು ಕಾದಿದ್ದರು. 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರ ಅದನ್ನು ವಾಪಸು ಪಡೆದೇ ಬಿಟ್ಟ. ಇವರಲ್ಲಿ ಯಾರೋ ಕೊಂದರು ಎಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವಿಲ್ಲ. ಆದರೆ ಪತ್ತೇದಾರಿ ಓದಿ ಬೆಳೆದ ಯಾವ ಹುಡುಗನಾದರೂ ಇವರನ್ನು ಸಾಲಾಗಿ ಕೂರಿಸಿ ಕೇಳಿಯಾನು. ಆ ಎರಡು ಪುಸ್ತಕಗಳಲ್ಲಿ ಇವರನ್ನು ಯಾರೂ ಕೂರಿಸಲಿಲ್ಲ. ಶರಣರು ಮತ್ತು ಜೈನರು ಎಂದು ಎರಡು ಕಕ್ಷಿ ಮಾಡಿ ಇಟ್ಟ ಮೇಲೆ ಅರಮನೆ ಆರಾಮಾಗಿ ತಪ್ಪಿಸಿಕೊಂಡಿತು.

ಅರಮನೆ ತಪ್ಪಿಸಿಕೊಂಡ ಇನ್ನೊಂದು ಪ್ರಕರಣವಿದೆ, ಅದರಲ್ಲಿ ರಹಸ್ಯವೇ ಇಲ್ಲ. ಹಳೆಯ ಪುರಾಣದಲ್ಲಿ ಕಣ್ಣು ಕಳೆದುಕೊಂಡ ಆ ಇಬ್ಬರು ಭಕ್ತರೇ ನಮಗೆ ಗೊತ್ತಿರುವ ಹರಳಯ್ಯ, ಮಧುವರಸ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ ಎಳೆಹೂಟೆ, ಇವು ಆಮೇಲಿನ ಕಥನಗಳಿಂದ ನಮ್ಮ ಮನಸ್ಸಿನಲ್ಲಿ ನಿಂತವು. ವಿವರ ಬೇರೆಯಾದರೂ ಇಲ್ಲಿ ಆರೋಪಿಯ ವಿಷಯದಲ್ಲಿ ಯಾವ ಕಥನಕ್ಕೂ ಅನುಮಾನವಿಲ್ಲ. ಶಿಕ್ಷೆ ಕೊಟ್ಟದ್ದು ರಾಜ, ಹಗಲಿನಲ್ಲಿ, ಊರು ನೋಡುತ್ತಿರುವಾಗ. ಕೋಝಿ ಮಿಸ್ಟರಿಗೆ ಇಂಥ ಸಾವು ಒಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಪತ್ತೆಯಾದ ಕೂಡಲೇ ಊರು ಮತ್ತೆ ಮೊದಲಿನ ಹಾಗಾಗಿಬಿಡುವಂಥ ಕೊಲೆ. ಕಲ್ಯಾಣ ಮೊದಲಿನ ಹಾಗೆ ಆಗಲಿಲ್ಲ.

ಹೊಸಗನ್ನಡದ ಲೇಖಕರು ಈ ಪ್ರಕರಣದ ಕಡತವನ್ನು ಮುಚ್ಚಲು ಬಿಟ್ಟಿಲ್ಲ. ಮಾಲೆ ಅನ್ನುವುದಾದರೆ ಬಿ. ಪುಟ್ಟಸ್ವಾಮಯ್ಯನವರ ಆರು ಕಾದಂಬರಿಗಳ ಮಾಲೆಯಿದೆ; ‘ಉದಯರವಿ’ಯಿಂದ ಹೊರಟು ‘ಕ್ರಾಂತಿಕಲ್ಯಾಣ’ದಲ್ಲಿ ಮುಗಿಯುತ್ತದೆ. ಆ ಕೊನೆಯ ಸಂಪುಟಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ನಾಟಕಗಳನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತೀರಿ. ಒಬ್ಬೊಬ್ಬರ ಬಿಜ್ಜಳನೂ ಬೇರೆ. ಹರಿದ ಪುಟಕ್ಕೆ ಒಬ್ಬೊಬ್ಬರೂ ತಮ್ಮ ಹಾಳೆ ಅಂಟಿಸಿದ್ದಾರೆ.

ಇನ್ನು ಉಳಿದದ್ದು ದನಗಾಹಿ. ಹತ್ತಿರದಲ್ಲಿದ್ದ ದನ ಕಾಯುವವನನ್ನು ಮೆಲ್ಲಗೆ ಕೇಳು ಎಂದು ಮಿತಾಕ್ಷರಾ ಹೇಳಿತ್ತಲ್ಲ. ಕಲ್ಯಾಣದಲ್ಲಿ ನಿಜಕ್ಕೂ ಅಂಥವನೊಬ್ಬನಿದ್ದ, ತುರುಗಾಹಿ ರಾಮಣ್ಣ. ಊರಿನ ದನ ಕಾಯುವುದು ಅವನ ಕಾಯಕ. ‘ಗೋಪತಿನಾಥ ವಿಶ್ವೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನೂ ಬರೆದ. ಪುರಾಣ ಬರೆದವರ ಹಾಗೆ ಕೇಳಿ ಬರೆದವನಲ್ಲ, ಅಲ್ಲೇ ಇದ್ದವನು.

ಅವನ ಹೇಳಿಕೆ ನಮ್ಮ ಕೈಗೆ ಬಂದ ಬಗೆಯೂ ಒಂದು ಪತ್ತೇದಾರಿಯೇ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು, ಅಂದರೆ ಮಿತಾಕ್ಷರಾವನ್ನು ಹೊಟ್ಟೆಪಾಡಿಗೆ ಓದಲೇಬೇಕಿದ್ದ ವಕೀಲರ ಪೈಕಿಯ ಒಬ್ಬರು, ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಹುಡುಕಿಕೊಂಡು ಊರೂರು ಅಲೆದರು. ದೇವರಮನೆಯ ಕಟ್ಟನ್ನು ಅಪರಿಚಿತನಿಗೆ ಬಿಚ್ಚಿ ತೋರಿಸುವವರು ಯಾರು? ಕೂತು, ಮಾತಾಡಿ, ನಂಬಿಕೆ ಹುಟ್ಟಿಸಿ ಕೇಳಬೇಕಿತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. ಅಚ್ಚಿನ ಮನೆ ಹಾಕಲು ಸ್ವಂತ ಮನೆ ಮಾರಿದರು. ವಚನಗಳು ಅಂಗಡಿಯ ಹಲಗೆಗೆ ಬಂದದ್ದು ಹೀಗೆ, ಇವರಿಂದ ಮತ್ತು ಇವರ ಹಿಂದೆ ಬಂದ ಸಂಪಾದಕರಿಂದ.

ಆ ರಾಮಣ್ಣನ ಒಂದು ವಚನದಲ್ಲಿ ಕಲ್ಯಾಣ ಚೆದುರಿದ ಹೊತ್ತಿನ ಮಾತಿದೆ. ಬಸವಣ್ಣ ಸಂಗಮದ ಕಡೆ ಹೋದ, ಚೆನ್ನಬಸವಣ್ಣ ಉಳವಿಯ ಕಡೆ ಹೋದ, ಅಲ್ಲಮನೂ ಅಕ್ಕನೂ ಕದಳಿಯ ಕಡೆ ಹೋದರು ಎಂದು ಒಬ್ಬೊಬ್ಬರ ದಾರಿಯನ್ನು ಅವನು ಎಣಿಸುತ್ತಾನೆ. ಸಂಜೆ ಊರಿಗೆ ತಿರುಗುವಾಗ ಯಾವ ಹಸು ಯಾವ ಓಣಿಗೆ ಹೋಯಿತೆಂದು ಲೆಕ್ಕ ಇಡುವವನ ಕ್ರಮ ಅದು. ಬಿಜ್ಜಳನನ್ನು ಯಾರು ಕೊಂದರೆಂದು ಅದರಲ್ಲಿ ಇಲ್ಲ. ಬಿಜ್ಜಳನ ಹೆಸರೂ ಇಲ್ಲ. ಅವನಿಗೆ ಹೇಳಬೇಕೆನಿಸಿದ್ದು ಯಾರ್‍ಯಾರು ಹೊರಟುಹೋದರು ಎಂಬುದನ್ನು.